ಒಲೆ ಮುಂದಿನ ಕಾದಂಬರಿ

ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಯಾರೂ ಅಳುವಂತಿಲ್ಲ. ಇದು ನಮ್ಮಜ್ಜಿ ಶಿವಗಂಗಮ್ಮನ ಕಾನೂನು. ಆ ಹೊತ್ತಿಗೆ ಲಕ್ಷ್ಮಿ ಬಾಗಿಲಿಗೆ ಬಂದು ನಿಂತಿರುತ್ತಾಳಂತೆ. ಒಳಗೆ ಯಾರಾದರೂ ಮೂಗು ಸೀಟುವ ಸದ್ದು ಕೇಳಿಸಿತೋ, ಹಾಗೇ ತಿರುಗಿ ಎದುರುಮನೆಗೆ ಹೋಗಿಬಿಡುತ್ತಾಳಂತೆ. ಬಿದ್ದು ಮಂಡಿ ತರಚಿಕೊಂಡ ಮಗುವನ್ನೂ ಅಜ್ಜಿ ಆ ಹೊತ್ತಿನಲ್ಲಿ ಹಿತ್ತಲಿಗೆ ಎತ್ತಿಕೊಂಡು ಹೋಗಿ, ಅಲ್ಲಿ ಅದರ ಅಳು ಮುಗಿಸಿಕೊಂಡೇ ಒಳಗೆ ತರುತ್ತಿದ್ದಳು.

ನನ್ನ ಕಷ್ಟವೇನೆಂದರೆ, ನನಗೆ ಅಳು ಬರುವುದು ಸರಿಯಾಗಿ ಆ ಹೊತ್ತಿಗೇ. ಸಂತೇಬೆನ್ನೂರಿನ ಕಾಲೇಜು ಬಿಟ್ಟು, ಬಸ್ಸಿಳಿದು, ಪಂಚಾಯ್ತಿ ಲೈಬ್ರರಿಯಲ್ಲಿ ಪುಸ್ತಕ ಬದಲಾಯಿಸಿಕೊಂಡು, ಮನೆ ಸೇರಿ ಕಾದಂಬರಿ ಬಿಡಿಸುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ನಾನು ಓದುವುದು ಎಂಥ ಕಾದಂಬರಿಯೆಂದರೆ, ಅದರಲ್ಲಿ ಅರ್ಧ ಮುಗಿಯುವುದರೊಳಗೆ ಯಾರಿಗಾದರೂ ಕೆಮ್ಮು ಶುರುವಾಗಬೇಕು. ತಂಗಿಯ ಸುಖಕ್ಕಾಗಿ ಅಕ್ಕ ತಾನು ಮೆಚ್ಚಿದವನನ್ನು ಬಿಟ್ಟುಕೊಡಬೇಕು. ತಪ್ಪು ತಿಳಿದಿದ್ದ ಗಂಡ ನಿಜ ಗೊತ್ತಾಗಿ ಸ್ಟೇಷನ್ನಿಗೆ ಓಡಿ ಬರುವಷ್ಟರಲ್ಲಿ ರೈಲು ಹೊರಟಿರಬೇಕು. ನಮ್ಮೂರಿನವರು ರೈಲು ಹತ್ತಬೇಕಾದರೆ ದಾವಣಗೆರೆಗೆ ಹೋಗಬೇಕು. ನಾನು ಹತ್ತಿರುವುದೂ ಅಪರೂಪ. ಆದರೂ ಪುಸ್ತಕದಲ್ಲಿ ರೈಲು ಹೊರಟಾಗೆಲ್ಲ ನನ್ನ ಸ್ವಂತ ಹೆಂಡತಿಯೇ ಕಿಟಕಿಯಲ್ಲಿ ಕೂತು ಹೋದಳೇನೋ ಎಂಬಂತೆ ಅಳುತ್ತೇನೆ.

ಅಳುವುದಾದರೂ ಚೆಂದವಾಗಿ ಅಳುತ್ತೇನೆಯೇ ಎಂದರೆ ಅದೂ ಇಲ್ಲ. ಕಾದಂಬರಿಯವರ ಕಣ್ಣಿಂದ ಮುತ್ತಿನಂಥ ಒಂದು ಹನಿ ಉರುಳುತ್ತದೆ. ನನಗೆ ಮೊದಲು ಸುರಿಯುವುದು ಮೂಗು. ಆಮೇಲೆ ಕಿವಿ ಕೆಂಪಾಗುತ್ತವೆ. ಕೊನೆಗೆ ಎಮ್ಮೆಕರು ಕೂಗಿದಂಥ ಒಂದು ಸದ್ದು ಹೊರಡುತ್ತದೆ. ಕಾಲೇಜಿನ ಕಬಡ್ಡಿ ತಂಡದಲ್ಲಿ ಎಡಮೂಲೆಗೆ ನಿಲ್ಲುವವನು ನಾನು. ಎದುರಾಳಿಯ ಕಾಲು ಹಿಡಿದರೆ ಬಿಡುವುದಿಲ್ಲ ಎಂಬ ಹೆಸರಿದೆ. ಈ ಹೆಸರಿಗೂ ಆ ಸದ್ದಿಗೂ ಹೊಂದುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

ಹೋದ ವರ್ಷದ ಕೊಯ್ಲಿನಲ್ಲಿ ನನಗೊಂದು ದಾರಿ ಸಿಕ್ಕಿತು. ಸುಲಿದ ಹಸಿ ಅಡಿಕೆಯನ್ನು ಹಿತ್ತಲ ದೊಡ್ಡ ಹಂಡೆಯಲ್ಲಿ ಬೇಯಿಸುತ್ತಾರೆ. ಬೇಯಿಸಿದ ನೀರು ಕೆಂಪಾಗಿ, ಗಟ್ಟಿಯಾಗಿ ಉಳಿಯುತ್ತದೆ. ಅದನ್ನೇ ಚೊಗರು ಅನ್ನುವುದು. ಮುಂದಿನ ಹಂಡೆಗೂ ಅದನ್ನೇ ಸುರಿದು, ಮೇಲೆ ನೀರು ಬೆರೆಸಿ ಬೇಯಿಸಿದರೆ ಅಡಿಕೆಗೆ ಬಣ್ಣ ಕೂರುತ್ತದೆ. ಇದಕ್ಕೆಲ್ಲ ಒಲೆಯ ಮುಂದೆ ಗಂಟೆಗಟ್ಟಲೆ ಒಬ್ಬರು ಕೂರಬೇಕು. ಒಲೆಗೆ ಒಟ್ಟುವುದು ಅಡಿಕೆ ಸಿಪ್ಪೆ, ಸೋಗೆ, ಅರೆಹಸಿ ಸೌದೆ. ಏಳುವ ಹೊಗೆಗೆ ಯಾರೂ ಹತ್ತಿರ ಸುಳಿಯುವುದಿಲ್ಲ. ಅಲ್ಲಿ ಕೂತವನ ಕಣ್ಣಲ್ಲಿ ನೀರಿಲ್ಲದಿದ್ದರೇ ವಿಚಿತ್ರ. ಒಂದು ದಿನ ಕೂಲಿಯವನು ಬರಲಿಲ್ಲವೆಂದು ಅಪ್ಪ ನನ್ನನ್ನು ಕೂರಿಸಿದ. ನಾನು ಅಂಗಿಯೊಳಗೆ ಕಾದಂಬರಿ ಇಟ್ಟುಕೊಂಡು ಹೋಗಿ ಕೂತೆ. ಆ ಸಂಜೆ ಮನಸಾರೆ ಅತ್ತೆ.

"ಯಾಕಲಾ, ಕಣ್ಣು ಹಿಂಗೆ ಕೆಂಪಗೆ ಊದೈತೆ?" ಎಂದಳು ಅಜ್ಜಿ.

"ಹೊಗೆ, ಅಜ್ಜಿ."

"ಅಯ್ಯೋ ನನ್ನಪ್ಪ. ದುಡಿಯೋ ಮಗ." ಆ ರಾತ್ರಿ ನನ್ನ ರೊಟ್ಟಿಗೆ ಬೆಣ್ಣೆ ಜಾಸ್ತಿ ಬಿತ್ತು.

ಮಾರನೆಯ ದಿನದಿಂದ ಒಲೆ ನನ್ನದೇ ಆಯಿತು. ಕೂಲಿಯವನು ಬಂದರೂ ಬೇಡವೆಂದೆ. ನಮ್ಮಪ್ಪ ಜಯದೇವಪ್ಪ ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ. ಅವನು ಕಟ್ಟೆಯ ಮೇಲೆ ಕೂತು, "ನಮ್ಮ ಮಾಲ್ತೇಶ ಫೋನ್ ಮುಟ್ಟಲ್ಲ ಕಣ್ರಪ್ಪ. ಕಾಲೇಜಿಂದ ಬಂದೋನೇ ಸೀದಾ ಒಲೆ ಮುಂದೆ," ಎಂದು ಹೇಳಿಕೊಳ್ಳತೊಡಗಿದ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ನನಗೆ ಸಮಾಧಾನ.

ಸಂಶಯ ಬಂದದ್ದು ಒಬ್ಬರಿಗೆ ಮಾತ್ರ, ಲೈಬ್ರರಿಯ ನಾಗೇಂದ್ರಪ್ಪನವರಿಗೆ. ನಾನು ಮರಳಿಸಿದ ಪುಸ್ತಕದ ತುಂಬ ಚೊಗರಿನ ಹೆಬ್ಬೆಟ್ಟುಗಳು. ಅವರು ಕನ್ನಡಕ ಮೇಲೇರಿಸಿ ಹಾಳೆ ಮಗುಚಿ ನೋಡಿದರು. "ಏನಪ್ಪ, ನೀನು ಓದಿದ್ದೋ, ಇದಕ್ಕೆ ಎಲೆ ಅಡಿಕೆ ತಿನ್ಸಿದ್ದೋ?"

ಇಷ್ಟಕ್ಕೇ ನಿಂತಿದ್ದರೆ ನಾನು ಸುಖವಾಗಿರುತ್ತಿದ್ದೆ. ಆದರೆ ಚನ್ನಗಿರಿಯ ವ್ಯಾಪಾರಿಯೊಬ್ಬ ನಮ್ಮ ಅಂಗಳದಲ್ಲಿ ಒಣಗಿದ್ದ ಅಡಿಕೆಯನ್ನು ಬೊಗಸೆಯಲ್ಲಿ ಎತ್ತಿ, ಬಿಸಿಲಿಗೆ ಹಿಡಿದು ತಿರುಗಿಸಿದ.

"ಜಯದೇವಪ್ಪಾರೆ, ಇದು ಯಾರು ಬೇಯಿಸಿದ್ದು? ಬಣ್ಣ ಹೆಂಗೆ ಕುಂತೈತೆ ನೋಡ್ರಿ."

"ನಮ್ಮ ಹುಡುಗ."

"ಕೈಗುಣ ಐತೆ ಬಿಡ್ರಿ."

ಕೈಗುಣ ಎಂಬ ಮಾತು ನಮ್ಮೂರಿನಲ್ಲಿ ಒಬ್ಬನ ತಲೆಗೆ ಕಟ್ಟಿದರೆ ಮುಗಿಯಿತು. ಕೈಗುಣವುಳ್ಳವನು ಬೀಜ ಬಿತ್ತಿದರೆ ಮೊಳೆಯುತ್ತದೆ, ಔಷಧಿ ಕೊಟ್ಟರೆ ಹಿಡಿಯುತ್ತದೆ. ಅದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ, ಕರೆದುಕೊಂಡು ಹೋಗುತ್ತಾರೆ ಅಷ್ಟೆ. ನಾನಾದರೂ ಬಿದ್ದುಬಿದ್ದು ನಕ್ಕು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಕೂತು ಯೋಚಿಸಿದೆ. ಆ ಬಣ್ಣ ಬಂದ ಸಂಜೆ ಓದಿದ್ದು ಯಾವುದು? ಕುರುಡಿ ತಾಯಿಯೊಬ್ಬಳು ಮಗನ ಹೆಜ್ಜೆಯ ಸದ್ದಿಗಾಗಿ ಕಾಯುತ್ತ ಪ್ರಾಣಬಿಡುವ ಕಾದಂಬರಿ. ಅದರ ನಂತರದ ಹಂಡೆ ಸ್ವಲ್ಪ ಪೇಲವವಾಗಿತ್ತು. ಆ ಸಂಜೆಯ ಕಾದಂಬರಿ? ಕೊನೆಯಲ್ಲಿ ಎಲ್ಲರೂ ಸೇರಿ ಫೋಟೋ ತೆಗೆಸಿಕೊಳ್ಳುವಂಥದ್ದು. ನನ್ನ ಮೈ ಜುಮ್ಮೆಂದಿತು. ನನ್ನ ದುಃಖ ಅಡಿಕೆಗೆ ಇಳಿಯುತ್ತಿದೆ. ಎಷ್ಟು ಅತ್ತರೆ ಅಷ್ಟು ಕೆಂಪು. ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದ ಹುಡುಗನೊಬ್ಬ ಇದನ್ನು ಎರಡು ಪ್ರಯೋಗಗಳಿಂದ ಸಾಬೀತುಪಡಿಸಿಕೊಂಡ.

ಹೀಗಿರುವಾಗ ಗಾದ್ರಮ್ಮ ನಮ್ಮ ಮನೆಗೆ ಬಂದಳು.

ಗಾದ್ರಮ್ಮ ಜಗಳೂರು ಕಡೆಯಿಂದ ಮದುವೆಯಾಗಿ ಬಂದವಳು. ನಾನು ಅವಳನ್ನು ದೊಡ್ಡವ್ವ ಎಂದೇ ಕರೆಯುವುದು. ಅವಳ ತವರಿನಲ್ಲಿ ಮೆಕ್ಕೆಜೋಳ ಬಿಟ್ಟರೆ ಈರುಳ್ಳಿ. ಗಂಡ ತೀರಿಕೊಂಡ ಮೇಲೆ ಕಾಲುವೆ ಪಕ್ಕದ ಚೂರು ಹೊಲದಲ್ಲಿ ಅವಳು ಅಡಿಕೆ ಸಸಿ ನೆಟ್ಟಾಗ ಊರು ನಕ್ಕಿತ್ತು. "ಒಣಸೀಮೆಯವಳಿಗೆ ತೋಟದ ಹುಚ್ಚು" ಎಂದಿದ್ದರು. ಬಿಸಿಲಲ್ಲಿ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಗಿಡಗಳು ಆ ವರ್ಷ ಮೊದಲ ಸಲ ಗೊನೆ ಬಿಟ್ಟಿದ್ದವು.

"ಖೇಣಿ ಕೊಟ್ಟುಬಿಡು ಗಾದ್ರಮ್ಮ," ಎಂದ ಅಪ್ಪ. "ಖೇಣಿಯೋರು ದುಡ್ಡು ಕೊಟ್ಟು ಗಿಡದ ಮೇಲಿಂದನೇ ಇಳಿಸ್ಕೊಂಡು ಹೋಗ್ತಾರೆ. ಸುಲಿಯೋದು ಬೇಯಿಸೋದು ನಿನಗ್ಯಾಕೆ?"

"ಎಲ್ಲಾರೂ ಅದೇ ಅಂತಾರೆ ಕಣಣ್ಣ. ಮುಂದಿನ ವರ್ಷದಿಂದ ಕೊಡ್ತೀನಿ. ಆದ್ರೆ ಮೊದಲ್ನೇ ಫಸಲು. ಒಂದ್ಸಲ ನಮ್ಮ ಅಂಗಳದಾಗೆ ಕೆಂಪಗೆ ಹರವಬೇಕು ನಾನು. ಹೋಗೋರು ಬರೋರು ನೋಡಬೇಕು." ಅವಳು ನನ್ನ ಕಡೆ ತಿರುಗಿದಳು. "ಮೊದಲ್ನೇದನ್ನ ಕೈಗುಣ ಇರೋರ ಕೈಲಿ ಮಾಡಿಸ್ಬೇಕು. ಬತ್ತೀಯೇನಪ್ಪ ಮಾಲ್ತೇಶ?"

ಇಲ್ಲವೆನ್ನಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಬೇಕಾದರೆ ಕುರುಡಿ ತಾಯಿಯಿಂದ ಶುರುಮಾಡಬೇಕು. ಅಪ್ಪ ಮೀಸೆಯ ಮೇಲೆ ಕೈಯಾಡಿಸುತ್ತ ನನ್ನನ್ನೇ ನೋಡುತ್ತಿದ್ದ.

"ಬರ್ತೀನಿ ದೊಡ್ಡವ್ವ," ಎಂದೆ.

ಮೊದಲ ಸಂಜೆ ನಮ್ಮ ಮನೆಯ ಚೊಗರನ್ನು ಕೊಡದಲ್ಲಿ ಹೊತ್ತುಕೊಂಡು ಹೋದೆ. ಅವಳ ಫಸಲು ಎರಡು ಹಂಡೆಗೆ ಆಗುವಷ್ಟಿತ್ತು. ಪುಸ್ತಕ ಒಯ್ಯಲಿಲ್ಲ. ಒಬ್ಬ ಹೆಂಗಸು ಅಷ್ಟು ವರ್ಷ ಕಾದ ಫಸಲನ್ನು ಮುಂದಿಟ್ಟುಕೊಂಡು ಕಾದಂಬರಿ ಓದುವಷ್ಟು ಕಟುಕ ನಾನಲ್ಲ ಎಂದುಕೊಂಡೆ. ಪಕ್ಕದ ಮನೆಯ ಚೌಡಮ್ಮನೂ ಇನ್ನಿಬ್ಬರು ಹೆಂಗಸರೂ ಸುಲಿಯಲು ಬಂದಿದ್ದರು. ನಾನು ಒಲೆಯ ಮುಂದೆ ಸೆಟೆದು ಕೂತು ಹಂಡೆಯನ್ನೇ ದಿಟ್ಟಿಸಿದೆ. ಕುದಿ ಸ್ವಲ್ಪ ಇಳಿದರೆ ಸೌದೆ ತಳ್ಳಿದೆ. ನೀರು ಒಂದು ಬೆರಳಷ್ಟು ತಗ್ಗಿದರೆ ಕೊಡ ಎತ್ತಿ ಸುರಿದೆ. ಮತ್ತೆ ಸುರಿದೆ. ಜೀವನದಲ್ಲಿ ಯಾವ ಕೆಲಸವನ್ನೂ ಅಷ್ಟು ಶ್ರದ್ಧೆಯಿಂದ ಮಾಡಿದ್ದಿಲ್ಲ.

ಬಸಿದಾಗಲೇ ಗೊತ್ತಾಯಿತು. ಅಡಿಕೆ ಬೆಂದಿತ್ತು, ಬಣ್ಣ ಮಾತ್ರ ಹತ್ತಿರಲಿಲ್ಲ. ಬುಟ್ಟಿಯೊಳಗೆ ಬಗ್ಗಿ ನೋಡಿದ ಚೌಡಮ್ಮ, "ಇದೇನೇ ಗಾದ್ರಿ, ನಿನ್ನ ಅಡಿಕೆಗೆ ರಕ್ತ ಕಮ್ಮಿ ಆಗೈತಲ್ಲ. ಸರ್ಕಾರಿ ಆಸ್ಪತ್ರೆಗೆ ತೋರಿಸು," ಎಂದಳು.

ಉಳಿದವರು ನಕ್ಕರು. ಗಾದ್ರಮ್ಮ ನಗಲಿಲ್ಲ. ಒಂದು ಅಡಿಕೆ ಎತ್ತಿ ಸೆರಗಿನಿಂದ ಒರೆಸಿ ನೋಡಿದಳು. ಮತ್ತೂ ಒರೆಸಿದಳು, ಒಳಗಿಂದ ಬಣ್ಣ ಬರುತ್ತದೇನೋ ಎಂಬಂತೆ.

"ನಿಮ್ಮ ಮನೆಯಾಗೆ ಹೆಂಗೆ ಮಾಡ್ತಿದ್ಯೋ ಹಂಗೇ ಮಾಡಿದ್ಯೇನಪ್ಪ?" ಎಂದಳು ಮೆಲ್ಲಗೆ.

ತಲೆ ತಗ್ಗಿಸಿದೆ. "ನಾಳೆ ಸರಿ ಮಾಡ್ತೀನಿ ದೊಡ್ಡವ್ವ."

ಮರುದಿನ ಕಾಲೇಜಿಗೆ ಚಕ್ಕರ್ ಹೊಡೆದು ಲೈಬ್ರರಿಯ ಬಾಗಿಲು ತೆಗೆಯುವುದನ್ನೇ ಕಾದು ನಿಂತೆ.

"ಸಾರ್, ಭಾಳ ದುಃಖದ್ದು ಒಂದು ಕೊಡ್ರಿ. ಇರೋದ್ರಾಗೆ ಜಾಸ್ತಿ ದುಃಖದ್ದು."

ನಾಗೇಂದ್ರಪ್ಪನವರು ಕೈಯಲ್ಲಿದ್ದ ಬೀಗ ಹಾಗೇ ಹಿಡಿದು ನನ್ನನ್ನು ನೋಡಿದರು. "ಮನೇಲಿ ಎಲ್ಲಾ ಅರಾಮೈತೇನಪ್ಪ?"

"ಐತೆ ಸಾರ್. ಅರ್ಜೆಂಟ್ ಬೇಕಾಗಿತ್ತು."

ಅವರು ಕೆಳಗಿನ ಕಪಾಟಿನಿಂದ ರಟ್ಟು ಕಿತ್ತ ಒಂದು ದಪ್ಪ ಪುಸ್ತಕ ತೆಗೆದು ಧೂಳು ಕೊಡವಿದರು. "ಇದನ್ನ ಹೊನ್ನಾಳಿಯಿಂದ ವರ್ಗವಾಗಿ ಬಂದಿದ್ರಲ್ಲ, ಆ ಟೀಚರಮ್ಮ ಓದಿದ್ರು. ಓದಿ ಶಾಲೆಗೆ ರಜಾ ಹಾಕಿದ್ರು. ಚೊಗರು ಮುಟ್ಟಿಸಬ್ಯಾಡ."

ಎರಡನೆಯ ಸಂಜೆ ಹಂಡೆಗೆ ಅಡಿಕೆ ಬಿದ್ದು, ಕುದಿ ಹಿಡಿದ ಮೇಲೆ ನಾನು ಸೌದೆ ರಾಶಿಯ ಮರೆಗೆ ಸರಿದು ಪುಸ್ತಕ ಬಿಡಿಸಿದೆ. ಅಕ್ಕನೊಬ್ಬಳು ಬಟ್ಟೆ ಹೊಲಿದು ತಮ್ಮನನ್ನು ಓದಿಸುತ್ತಾಳೆ. ಬಂದ ಗಂಡುಗಳನ್ನೆಲ್ಲ ಬೇಡವೆನ್ನುತ್ತಾಳೆ. ತಮ್ಮ ಸಾಹೇಬನಾಗುತ್ತಾನೆ. ಅವನ ಮದುವೆಯ ದಿನ ಬೀಗರು "ಇವರ್ಯಾರು?" ಎಂದು ಕೇಳಿದರೆ, ಅಕ್ಕನ ಹಳೆಯ ಸೀರೆಯನ್ನು ನೋಡಿ, "ಮನೆಗೆಲಸದವಳು" ಎಂದುಬಿಡುತ್ತಾನೆ. ಅಕ್ಕ ಏನೂ ಅನ್ನದೆ ಬೀಗರ ಎಂಜಲೆಲೆ ತೆಗೆಯತೊಡಗುತ್ತಾಳೆ.

ನನ್ನ ಮೂಗು ಶುರುವಾಯಿತು. ಕಿವಿಗಳು ಬಿಸಿಯಾದವು. ಇಳಿಯಲಿ, ಅಡಿಕೆಗೆ ಇಳಿಯಲಿ ಎಂದುಕೊಂಡು ನಾನು ತಡೆಯಲೂ ಇಲ್ಲ. ಅಷ್ಟರಲ್ಲಿ ಸೂಳೆಕೆರೆಯ ಕಡೆಯಿಂದ ಬೀಸುತ್ತಿದ್ದ ಗಾಳಿ ತಿರುಗಿದೆ. ಹೊಗೆಯೆಲ್ಲ ಸಿಪ್ಪೆ ಬಾಚುತ್ತಿದ್ದ ಹೆಂಗಸರ ಮೇಲೆ ಹೋಗಿದೆ. ಓದಿನಲ್ಲಿ ಮುಳುಗಿದ್ದ ನನಗೆ ಅದು ತಿಳಿಯಲಿಲ್ಲ. ಎಮ್ಮೆಕರುವಿನ ಸದ್ದು ಹೊರಟಿತು.

"ಏ, ಹುಡುಗ ಅಳ್ತಾವ್ನೆ ಕಣ್ರೇ," ಎಂದಳು ಚೌಡಮ್ಮ.

"ಹೊಗೆ," ಎಂದೆ.

"ಹೊಗೆ ಈ ಕಡಿಗೈತೆ. ಕಣ್ಣೀರು ಆ ಕಡಿಗೈತೆ."

ಗಾದ್ರಮ್ಮ ಗಾಬರಿಯಿಂದ ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಯಾಕಪ್ಪ? ನಿನ್ನೆ ಬಣ್ಣ ಕೂರಲಿಲ್ಲ ಅಂತ ಮನಸಿಗೆ ಹಚ್ಕೊಂಡ್ಯಾ?"

ಹೌದು ಎಂದುಬಿಟ್ಟಿದ್ದರೆ ಆ ಸಂಜೆ ಊರಿನಲ್ಲಿ ನನ್ನಂಥ ದೊಡ್ಡ ಮನುಷ್ಯ ಇನ್ನೊಬ್ಬ ಇರುತ್ತಿರಲಿಲ್ಲ. ಎನ್ನಲು ಬಾಯನ್ನೂ ತೆರೆದೆ. ಆಗಲೇ ತೊಡೆಯ ಮೇಲಿನ ಪುಸ್ತಕ ಜಾರಿ ಅವಳ ಕಾಲಬುಡಕ್ಕೆ ಬಿತ್ತು.

"ಇದೇನಿದು?"

"ಕಥೆ, ದೊಡ್ಡವ್ವ."

"ಕಥೆಗೆ ಅತ್ಯಾ?" ಅವಳು ಪುಸ್ತಕವನ್ನು ಆ ಕಡೆ ಈ ಕಡೆ ತಿರುಗಿಸಿದಳು. "ಅಂಥಾದ್ದೇನೈತೆ ಇದರಾಗೆ? ಓದು ನೋಡಾನ."

ಹೀಗೆ ನಾನು ಓದತೊಡಗಿದೆ. ಮೊದಮೊದಲು ನಾಚಿಕೆಯಿಂದ ಗೊಣಗುತ್ತಿದ್ದೆ. ಚೌಡಮ್ಮ "ಏನು ಮಂತ್ರ ಹೇಳ್ತೀಯಾ? ಗಟ್ಟಿಯಾಗಿ ಓದಲಾ," ಎಂದು ಗದರಿದ ಮೇಲೆ ದನಿ ಏರಿಸಿದೆ. ಸಿಪ್ಪೆ ಬಾಚುವುದು ನಿಂತಿತು. ಹೆಂಗಸರು ಹತ್ತಿರ ಬಂದು ಕೂತರು. ತಮ್ಮ ಸಾಹೇಬನಾದಾಗ ಸಂತೋಷಪಟ್ಟರು. "ಮನೆಗೆಲಸದವಳು" ಎಂಬಲ್ಲಿಗೆ ಬಂದಾಗ ಚೌಡಮ್ಮ ಕೈಯಲ್ಲಿದ್ದ ಪೊರಕೆಯನ್ನು ನೆಲಕ್ಕೆ ಕುಕ್ಕಿದಳು.

"ಅವನ ನಾಲ್ಗೆ ಸೇದೋಗ. ಆಕೆನಾದ್ರೂ ಯಾಕೆ ಸುಮ್ಕಿದ್ಲು? ಆ ಎಂಜಲೆಲೆ ಅವನ ತಲೆ ಮೇಲೆ ಹಾಕಾಕೆ ಆಗ್ಲಿಲ್ವಾ?"

"ತಮ್ಮ ಅಲ್ವೇನೇ," ಎಂದಳು ಗಾದ್ರಮ್ಮ. ಅವಳ ಕಣ್ಣು ತುಂಬಿದ್ದವು. "ಎತ್ತಿ ಆಡಿಸಿದ ತಮ್ಮ. ನಾಲ್ಕು ಜನದ ಎದುರಿಗೆ ಹೆಂಗೆ ಅಂತಾಳೆ?"

ಎಲೆ ತೆಗೆಯುವ ಆ ಜಾಗವನ್ನೇ ಮತ್ತೊಮ್ಮೆ ಓದು ಎಂದರು. ನಾನು ಓದಿದೆ, ಅವರು ಸೆರಗಿನಲ್ಲಿ ಮೂಗೊರೆಸಿಕೊಂಡರು. ಸರಿಯಾಗಿ ದೀಪ ಹಚ್ಚುವ ಹೊತ್ತು. ನಮ್ಮಜ್ಜಿಯ ಲೆಕ್ಕದ ಪ್ರಕಾರ ಲಕ್ಷ್ಮಿ ಗಾದ್ರಮ್ಮನ ಬಾಗಿಲಿಗೆ ಬಂದಿರಬೇಕು. ಹೊಸಿಲ ಮೇಲೆ ಕೂತು ಅವಳೂ ಕೇಳಿಸಿಕೊಂಡಳೋ ಏನೋ.

"ಏನೋ ಸೀದ ವಾಸ್ನೆ," ಎಂದು ಒಬ್ಬಳು ಅಂದಾಗ ಅದು ಕಥೆಯೊಳಗಿನ ಮಾತೆಂದೇ ನಾನು ತಿಳಿದೆ.

ಗಾದ್ರಮ್ಮ ಎದ್ದು ಓಡಿದಳು. ಹಂಡೆಯ ಮುಚ್ಚಳ ಸರಿಸಿ, "ಯಪ್ಪಾ, ನೀರೆಲ್ಲೈತೋ ಇದರಾಗೆ?" ಎಂದಳು. ತಳದಲ್ಲಿ ಚೊಗರು ರಾಗಿ ಅಂಬಲಿಯಂತೆ ಗಟ್ಟಿಯಾಗಿ ಗುಳುಗುಳು ಎನ್ನುತ್ತಿತ್ತು. ಚೌಡಮ್ಮ ಬೆಂಕಿ ಹಿರಿದಳು. ನಾನು ಕೊಡ ಎತ್ತಿ ಸುರಿದೆ, ಅರ್ಧ ನನ್ನ ಕಾಲಮೇಲೇ ಬಿತ್ತು. ಎಲ್ಲ ಸೇರಿ ತೂತಿನ ಸೌಟಿನಲ್ಲಿ ಮೊಗೆದು ಬುಟ್ಟಿಗೆ ಸುರಿದೆವು. ತಳದ ಅಡಿಕೆಯೆಲ್ಲ ಕರಕಲು. ಅದರ ಮೇಲಿನದು ಕೆಂಪು. ಎಂಥ ಕೆಂಪೆಂದರೆ, ನಮ್ಮ ಅಂಗಳದಲ್ಲೂ ಅಷ್ಟು ಚೆಂದದ ಬಣ್ಣ ಬಿದ್ದಿರಲಿಲ್ಲ.

ಆಗ ನನಗೆ ಹೊಳೆಯಿತು. ಇನ್ಯಾರಿಗಾದರೂ ಮೊದಲ ದಿನವೇ ಹೊಳೆಯುತ್ತಿತ್ತು.

"ದೊಡ್ಡವ್ವ, ನೀರು ಹಾಕಾಕೆ ಮರ್ತೆ," ಎಂದೆ. "ನಮ್ಮನೇಲೂ ಹಿಂಗೇ ಮರೀತಿದ್ದೆ. ಓದ್ತಾ ಕೂತ್ರೆ ನೆನಪಾಗಲ್ಲ. ಚೊಗರು ಗಟ್ಟಿಯಾಗಿ ಬಣ್ಣ ಹತ್ತಿರೋದು ಅಷ್ಟೆ. ನಿನ್ನೆ ಪುಸ್ತಕ ಇರಲಿಲ್ಲ, ಅದಕ್ಕೇ ಬರೀ ನೀರು ಹುಯ್ದೆ. ನನಗೆ ಯಾವ ಕೈಗುಣನೂ ಇಲ್ಲ."

ಚೌಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಜಯದೇವಣ್ಣನ ಮಗನ ಕೈಗುಣ ಮರೆವಿನಾಗೈತಂತೆ ಕಣ್ರೇ."

"ಸುಮ್ಕಿರೇ," ಎಂದಳು ಗಾದ್ರಮ್ಮ. ಅವಳ ದನಿಗೆ ಚೌಡಮ್ಮನ ನಗು ಅಲ್ಲೇ ನಿಂತಿತು. ಗಾದ್ರಮ್ಮ ಬುಟ್ಟಿಯ ಮುಂದೆ ಕೂತು, ಸುಡುವ ಅಡಿಕೆಯಲ್ಲಿ ಕರಕಲನ್ನು ಒಂದೊಂದಾಗಿ ಆರಿಸತೊಡಗಿದಳು. ನಾನೂ ಕೂತು ಆರಿಸಲು ಕೈ ಹಾಕಿದೆ. "ನೀನು ಮನೆಗೆ ಹೋಗಪ್ಪ, ಹೊತ್ತಾತು," ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಎರಡು ದಿನ ಅವಳ ಬೀದಿಯ ಕಡೆ ತಲೆ ಹಾಕಲಿಲ್ಲ. ಕಾದಂಬರಿಯನ್ನೂ ತೆರೆಯಲಿಲ್ಲ. ತೆರೆದರೆ ಆ ಅಕ್ಕನ ಜಾಗದಲ್ಲಿ ಗಾದ್ರಮ್ಮ ಕೂತು ಕರಕಲು ಆರಿಸುವುದೇ ಕಾಣುತ್ತಿತ್ತು. ಆ ತಮ್ಮ ಯಾರೆಂದು ಹೇಳಬೇಕಾಗಿಲ್ಲ. ಮೂರನೆಯ ದಿನ ಅಪ್ಪನೇ ಬಂದು, "ನಡಿ, ಗಾದ್ರಮ್ಮನ ಅಡಿಕೆ ನೋಡ್ಕೊಂಡು ಬರಾನ. ನೀನು ಬೇಯಿಸಿದ್ದಲ್ವಾ," ಎಂದ. ಎಲ್ಲವನ್ನೂ ದಾರಿಯಲ್ಲೇ ಹೇಳಿಬಿಡಬೇಕೆಂದುಕೊಂಡೆ. ದಾರಿ ಸಾಲಲಿಲ್ಲ.

ಅಂಗಳಕ್ಕೆ ಸಗಣಿ ಸಾರಿಸಿ, ಅದರ ಮೇಲೆ ಪರದೆ ಹಾಸಿ, ಅಡಿಕೆ ಹರವಿದ್ದಳು. ಒಂದು ಕಡೆ ಮೊದಲ ಹಂಡೆಯದು, ಮಂಕಾಗಿ. ಇನ್ನೊಂದು ಕಡೆ ಎರಡನೆಯದು, ಬಿಸಿಲಿಗೆ ಕುಂಕುಮದ ರಾಶಿಯಂತೆ. ನಡುವೆ ಒಂದು ಗೇಣು ಜಾಗ ಬಿಟ್ಟಿದ್ದಳು. ಬೇಲಿಯಾಚೆ ಗಾಡಿ ನಿಲ್ಲಿಸಿ ಇಬ್ಬರು ಮೂವರು ನೋಡುತ್ತಿದ್ದರು. ಮೊದಲು ನಕ್ಕವರೂ ಅವರಲ್ಲಿದ್ದರು.

"ಏನು ಗಾದ್ರಮ್ಮ, ಒಂದೇ ತೋಟ, ಎರಡು ಬಣ್ಣ?" ಎಂದ ಅಪ್ಪ. "ಮಾಲ್ತೇಶಂದು ಯಾವುದು?"

ನಾನು ಬಾಯಿ ತೆರೆದೆ. ಗಾದ್ರಮ್ಮ ನನ್ನ ಕಡೆ ನೋಡಲೂ ಇಲ್ಲ. ಕಾಲಿನಿಂದ ಕೆಂಪು ಅಡಿಕೆಯನ್ನು ಸಮನಾಗಿ ಹರಡುತ್ತ, ಬೇಲಿಯಾಚೆಯವರಿಗೂ ಕೇಳುವಂತೆ ಹೇಳಿದಳು:

"ಇದು ನಿನ್ನ ಮಗನ ಕೈದು ಕಣಣ್ಣ. ಆ ಮಂಕು ಐತಲ್ಲ, ಅದನ್ನ ನಾನೇ ಬೇಯಿಸೋಕೆ ಹೋಗಿ ಕೆಡಿಸ್ದೆ. ಒಣಸೀಮೆಯವಳು, ನನಗೇನು ಗೊತ್ತಾಗ್ತೈತೆ?"

ಬೇಲಿಯಾಚೆಯವರು ತಲೆದೂಗಿದರು. ಅಪ್ಪನ ಕೈ ಮೀಸೆಗೆ ಹೋಯಿತು. ಜಗುಲಿಯ ಮೇಲಿದ್ದ ಚೌಡಮ್ಮ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಎದ್ದುಹೋದಳು. ಗಾದ್ರಮ್ಮ ಸೊಂಟದ ಚೀಲದಿಂದ ಒಂದು ಕರಕಲು ಅಡಿಕೆ ತೆಗೆದು ಬಾಯಿಗೆ ಎಸೆದುಕೊಂಡು, ಮುಖ ಕಿವಿಚದೆ ಅಗಿದಳು. ಚೀಲ ಆ ಕರಕಲಿನಿಂದಲೇ ಉಬ್ಬಿತ್ತು. ಅದನ್ನು ಮುಗಿಸಲು ಅವಳಿಗೆ ವರ್ಷವಾದರೂ ಬೇಕು.

ಮಟಮಟ ಮಧ್ಯಾಹ್ನ. ಅಂಗಳದಲ್ಲಿ ಒಲೆಯಿಲ್ಲ, ಸೌದೆಯ ಮರೆಯಿಲ್ಲ, ಒಂದೆಳೆ ಹೊಗೆಯಿಲ್ಲ. ಬೇಲಿಯಾಚೆಯವರೆಲ್ಲ ಕೈಗುಣದ ಹುಡುಗನನ್ನೇ ನೋಡುತ್ತಿದ್ದರು. ನನ್ನ ಮೂಗು ಶುರುವಾಯಿತು. ಕಿವಿ ಬಿಸಿಯಾದವು.

ಗಾದ್ರಮ್ಮ ಅಡಿಕೆ ಹರಡುತ್ತಲೇ ನನ್ನ ಹತ್ತಿರಕ್ಕೆ ಬಂದಳು.

"ಹಿತ್ಲಾಗೆ ನೀರೊಲೆ ಉರೀತೈತೆ," ಎಂದಳು, ನನಗೆ ಮಾತ್ರ ಕೇಳುವಂತೆ. "ಹೋಗಿ ಅದರ ಮುಂದೆ ಕೂತ್ಕೋ, ಹೋಗು. ಸಂಜಿಗೆ ಪುಸ್ತಕ ತಗಂಡು ಬಾ. ಆಕೆ ಎಲೆ ತೆಗೆದ ಮ್ಯಾಲೆ ಏನಾತು ಅಂತ ಚೌಡಿ ಎರಡು ದಿನದಿಂದ ನನ್ನ ಪ್ರಾಣ ತಿಂತಾವಳೆ."